ಕೇರಿಗೆ ಏನಂತ ಹೆಸರು ಬರೆಯೋದು?

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ 80 ಅಂಕದ ಪ್ರಶ್ನೆಪತ್ರಿಕೆಯಲ್ಲಿ ನಕ್ಷೆಗೆ 5 ಅಂಕ. ಭಾರತದ ನಕ್ಷೆ ಬರೆದರೆ ಒಂದು, ಅದರಲ್ಲಿ ನಾಲ್ಕು ಜಾಗ ಗುರುತಿಸಿದರೆ ಇನ್ನು ನಾಲ್ಕು. ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಈ ಐದು ಅಂಕ ಅಂದ್ರೆ ಬಾವಿಯಲ್ಲಿ ಕೈಗೆ ಸಿಕ್ಕ ಹಗ್ಗ. ಅದಕ್ಕೇ ಜನವರಿ ಬಂತು ಅಂದ್ರೆ ಸಮಾಜ ಪಾಠ ಮಾಡೋ ನಾವೆಲ್ಲ ನಕ್ಷೆ ತಿದ್ದಿಸೋಕೆ ಕೂರ್ತೀವಿ. ಕಾಂಡ್ಲಾ ಎಲ್ಲಿ, ನರೋರಾ ಎಲ್ಲಿ, ಕೋಸಿ ನದಿ ಎಲ್ಲಿ, 82½ ಡಿಗ್ರಿ ಪೂರ್ವ ರೇಖಾಂಶ ಎಲ್ಲಿ ಹಾದುಹೋಗುತ್ತೆ ಅಂತ ನಮ್ಮ ಮಕ್ಕಳು ನಿದ್ದೆಗಣ್ಣಲ್ಲೂ ಗುರುತು ಮಾಡ್ತಾರೆ. ಅದೇ ಮಕ್ಕಳಿಗೆ "ಸ್ಕೂಲಿಂದ ನಿಮ್ಮನೆಗೆ ಹೋಗೋ ದಾರಿ ಬರೀರಿ" ಅಂದ್ರೆ ಪೆನ್ಸಿಲ್ ನಿಂತುಬಿಡುತ್ತೆ. ದಾರಿ ಗೊತ್ತಿಲ್ಲ ಅಂತಲ್ಲ, ದಿನಾ ನಡೆಯೋ ದಾರಿಯೇ. ಅದೂ ನಕ್ಷೆಯಲ್ಲಿ ಬರೆಯೋ ವಿಷಯ ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ನಾನು ಪಾಠ ಮಾಡೋದು ಯಡಿಯೂರಿನ ಆಸುಪಾಸಿನ ಒಂದು ಹೈಸ್ಕೂಲಲ್ಲಿ. ಯಾವ ಊರು ಅಂತ ಇಲ್ಲಿ ಬರೆಯಲ್ಲ. ಯಾಕೆ ಅನ್ನೋದು ಓದ್ತಾ ಓದ್ತಾ ಗೊತ್ತಾಗುತ್ತೆ.

ನಮ್ಮ ಒಂಬತ್ತನೇ ತರಗತಿಗೆ ಡಿಜಿಟಲ್ ನಕ್ಷೆ ತೋರಿಸೋಕೆ ಶುರು ಮಾಡಿದ್ದು ಯಾವ ದೊಡ್ಡ ಯೋಜನೆಯಿಂದಲೂ ಅಲ್ಲ. ಒಂದು ಟಿ.ವಿ. ಇತ್ತು, ನನ್ನ ಫೋನ್ ಇತ್ತು, ನೆಟ್‌ವರ್ಕ್ ಆಗಾಗ ಇರ್ತಿತ್ತು. ಮೊದಲ ದಿನ 'ಯಡಿಯೂರು' ಅಂತ ಹುಡುಕಿದ್ರೆ ಪರದೆ ಮೇಲೆ ಬಂದದ್ದು ಬೆಂಗಳೂರಿನ ಜಯನಗರದ ಯಡಿಯೂರು ಕೆರೆ! ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ನಮ್ಮ ಸಿದ್ಧಲಿಂಗಪ್ಪನ್ನೇ ಬೆಂಗ್ಳೂರಿಗೆ ಎತ್ಕೊಂಡು ಹೋಗ್ಬಿಟ್ಟವ್ರೆ" ಅಂದ. ಇಡೀ ಕ್ಲಾಸು ನಕ್ಕಿತು. ಆಮೇಲೆ ಯಡಿಯೂರು, ಯಡೆಯೂರು, ಎಡೆಯೂರು ಅಂತ ಬೇರೆ ಬೇರೆ ಥರ ಟೈಪ್ ಮಾಡಿ ನೋಡಿದ್ವಿ. ಎಡೆ ಅಂದ್ರೆ ಜಾಗ, ದೇವರ ಮುಂದೆ ಬಡಿಸಿಟ್ಟದ್ದೂ ಎಡೆಯೇ ಅಂತ ನಾನು ಸ್ವಲ್ಪ ಕನ್ನಡ ಪಾಠವನ್ನೂ ಸೇರಿಸಿದೆ. ಯಂತ್ರಕ್ಕೆ ಅದೆಲ್ಲ ಬೇಕಿಲ್ಲ. ಯಾವ ಯಡಿಯೂರನ್ನು ಹೆಚ್ಚು ಜನ ಹುಡುಕ್ತಾರೋ ಅದೇ ಅದಕ್ಕೆ ಯಡಿಯೂರು.

ಕೊನೆಗೆ ನಮ್ಮ ಯಡಿಯೂರು ಸಿಕ್ತು. ಕುಣಿಗಲ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 75ರ ಮೇಲೆ. ಹಳಬರು ಇನ್ನೂ ಅದನ್ನ 48 ಅಂತಲೇ ಕರೀತಾರೆ. ದೇವಸ್ಥಾನ, 2017ರಲ್ಲಿ ಬೆಂಗಳೂರು-ಹಾಸನದ ನಡುವೆ ಶುರುವಾದ ರೈಲಿನ ಹಳಿ, ಮಾರ್ಕೋನಹಳ್ಳಿ ಜಲಾಶಯ, ಮೇಲಿಂದ ನೋಡಿದ್ರೆ ಕಸೂತಿ ಹಾಕಿದಂತೆ ಕಾಣೋ ತೆಂಗಿನ ತೋಟಗಳು. ಶಿಂಷಾ ನದಿಯನ್ನ ದೇವರಾಯನದುರ್ಗದ ಗುಡ್ಡದಿಂದ ಹಿಡಿದು ಕಾವೇರಿ ಸೇರೋ ತನಕ ಬೆರಳಲ್ಲಿ ಹಿಂಬಾಲಿಸಿದ್ವಿ. ಸುಮಾರು 221 ಕಿಲೋಮೀಟರ್ ನದಿ, ಹತ್ತು ನಿಮಿಷದಲ್ಲಿ. "ನಮ್ಮೂರಿನ ಹಳ್ಳದ ನೀರು ಕಾವೇರಿಗೆ ಹೋಗುತ್ತಾ ಮಿಸ್?" ಅಂತ ಕೇಳಿದ ಹುಡುಗ ಅದುವರೆಗೂ ಕ್ಲಾಸಲ್ಲಿ ಬಾಯಿ ಬಿಟ್ಟವನೇ ಅಲ್ಲ. ಮಾರ್ಕೋನಹಳ್ಳಿ ಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ನೀರು ಒಂದು ಮಟ್ಟ ಮೀರಿದ್ರೆ ಯಾರೂ ಗೇಟು ಎತ್ತದೆ ತಾನಾಗೇ ಹೊರಗೆ ಹೋಗೋ ಸೈಫನ್ ಅಲ್ಲಿದೆ ಅಂತ ಹೇಳಿದಾಗ, ಅಲ್ಲೇ ಈಜು ಕಲಿತ ಹುಡುಗರು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೂತಿದ್ರು. ನಾಲ್ಕು ಗೋಡೆ ಮಧ್ಯೆ ಭೂಗೋಳ ಪಾಠ ಹೇಳೋಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ಈ ತಂತ್ರಜ್ಞಾನವನ್ನ ಬೈಯೋಕೆ ನಾನು ಇದನ್ನ ಬರೀತಿಲ್ಲ. ಇಸ್ರೋದವರು 2009ರಲ್ಲಿ ತಂದ 'ಭುವನ್', ಎನ್‌ಸಿಇಆರ್‌ಟಿ ಜೊತೆ ಸೇರಿ ಮಕ್ಕಳಿಗೇ ಅಂತ ಮಾಡಿದ 'ಸ್ಕೂಲ್ ಭುವನ್' ಎಲ್ಲವನ್ನೂ ಟೀಚರುಗಳು ಒಮ್ಮೆ ನೋಡಬೇಕು.

ಆದ್ರೆ ಒಂದು ಹುಡುಗಿ ಗಮನಿಸಿದಳು: ನಕ್ಷೆಯಲ್ಲಿ ಜಲಾಶಯ ಇದ್ದಷ್ಟು ಅಗಲಕ್ಕೆ ಆ ವಾರ ಅಲ್ಲಿ ನೀರಿರಲಿಲ್ಲ. ಉಪಗ್ರಹದ ಚಿತ್ರ ಯಾವತ್ತೋ ತೆಗೆದದ್ದು. ಪರದೆ ಮಾತ್ರ 'ಇದೆ' ಅನ್ನುತ್ತೆ, 'ಇತ್ತು' ಅನ್ನಲ್ಲ. ನಕ್ಷೆಗೆ ಭೂತಕಾಲದ ವಿಭಕ್ತಿಯೂ ಇಲ್ಲ, ಪ್ರತ್ಯಯವೂ ಇಲ್ಲ ಅಂತ ನಮ್ಮ ಕನ್ನಡ ಮೇಷ್ಟ್ರು ಆಮೇಲೆ ತಮಾಷೆ ಮಾಡಿದ್ರು.

ನಕ್ಷೆ ಹೇಳೋದೆಲ್ಲ ಯಾರದೋ ಆಯ್ಕೆ ಅನ್ನೋದು ಮಕ್ಕಳಿಗೆ ಅಲ್ಲಿಂದ ಹತ್ತತೊಡಗಿತು. ದೂರದಿಂದ ನೋಡಿದ್ರೆ ಏನು ಕಾಣುತ್ತೆ? ದೇವಸ್ಥಾನ, ಪೆಟ್ರೋಲ್ ಬಂಕು, ಹೆದ್ದಾರಿ ಬದಿಯ ಹೋಟೆಲುಗಳು. ಹತ್ತಿರ ಹೋದ ಹಾಗೆ ಶಾಲೆ, ಬ್ಯಾಂಕು. ಇನ್ನೂ ಹತ್ತಿರ ಹೋದ್ರೆ ಬೀದಿ. ದುಡ್ಡು ಕೊಟ್ಟ ಅಂಗಡಿ ಬೇಗ ಎದ್ದು ಕಾಣುತ್ತೆ, ಅದೂ ವ್ಯಾಪಾರವೇ. ಊರಾಚೆಯ ಕೇರಿ ಎಷ್ಟು ಹತ್ತಿರ ಹೋದ್ರೂ ಬರೀ ಬೂದು ಬಣ್ಣ. ಯಾರೂ ಬಾಯಿಬಿಟ್ಟು ಹೇಳದಿದ್ರೂ ಇದೊಂದು ಸಾಲು, ಯಾರು ಮುಂದೆ ಯಾರು ಹಿಂದೆ ಅನ್ನೋ ಸಾಲು. ನಮ್ಮ ಕಡೆ ಮದುವೆಮನೆ ಊಟದ ಪಂಕ್ತಿ ನೋಡಿದವರಿಗೆ ಇದು ಹೊಸದೇನಲ್ಲ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗ್ತೀನಿ. ಯಡಿಯೂರಿನ ಹೆಸರು ಬಂದದ್ದೇ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿಂದ. ಹತ್ತಿರದ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರು, ಅದಕ್ಕೇ ತೋಂಟದ ಅಂತ ಹೆಸರು. ಅವರ 701 ವಚನಗಳ ಗ್ರಂಥ 'ಷಟ್‌ಸ್ಥಲ ಜ್ಞಾನಸಾರಾಮೃತ'. ಆ ಹೆಸರಲ್ಲಿರೋ 'ಸ್ಥಲ' ಭೂಮಿ ಮೇಲಿನ ಜಾಗ ಅಲ್ಲ. ಭಕ್ತನಿಂದ ಐಕ್ಯದವರೆಗೆ ಮನುಷ್ಯ ಎಲ್ಲಿ ನಿಂತಿದ್ದಾನೆ ಅನ್ನೋ ಲೆಕ್ಕ. ಆ ಲೆಕ್ಕದಲ್ಲಿ ಹುಟ್ಟಿದ ಕೇರಿ ನೋಡಿ ಯಾರಿಗೂ ಸ್ಥಲ ಸಿಗಲ್ಲ. ಅಂಥವರ ಗದ್ದುಗೆಗೆ ಇವತ್ತು ಪಾರ್ಕಿಂಗ್ ಚೆನ್ನಾಗಿದೆಯಾ, ದಾಸೋಹಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಲೆಕ್ಕ ಹಾಕಿ ನಕ್ಷತ್ರ ಕೊಡ್ತೀವಿ. ಇರಲಿ, ನಾನೂ ಪಾರ್ಕಿಂಗ್ ಹುಡುಕೋಳೇ.

ಈಗ ವಿಷಯಕ್ಕೆ ಬರ್ತೀನಿ. ನೋಡಿದ್ದು ಸಾಕು, ಮಾಡೋಣ ಅಂತ ಹೊರಟ್ವಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ವಿಕಿಪೀಡಿಯದ ಥರ, ಯಾರು ಬೇಕಾದ್ರೂ ತಮ್ಮೂರಿನ ರಸ್ತೆ, ಮನೆ, ಬಾವಿ ಸೇರಿಸಬಹುದು. ಮೊದಲೆಲ್ಲ ನಮ್ಮ ದೇಶದಲ್ಲಿ ನಕ್ಷೆ ಮಾಡೋದು ಅಂದ್ರೆ ಭಯ. 2013ರಲ್ಲಿ ಗೂಗಲ್ ಕಂಪನಿಯ ನಕ್ಷೆ ಸ್ಪರ್ಧೆ ವಿಚಾರಣೆ ತನಕ ಹೋಗಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲ ಮಾಡಿ, ಭಾರತೀಯರು ನಕ್ಷೆ ಮಾಡೋಕೆ ಮೊದಲೇ ಅನುಮತಿ ತಗೋಬೇಕಿಲ್ಲ ಅಂತ ಹೇಳಿತು. ದೇಶದ ಭದ್ರತೆಗೆ ಸಂಬಂಧಪಟ್ಟ ಸೂಕ್ಷ್ಮ ಸಂಗತಿಗಳನ್ನ ಮಾತ್ರ ಹಾಕೋ ಹಾಗಿಲ್ಲ. ನ್ಯಾಯವೇ. ಸೈನ್ಯದ ಕಾಂಪೌಂಡಿಗೆ ಒಂದು ಸೂಕ್ಷ್ಮ ಇದೆ ಅಂತ ಕಾನೂನಿಗೆ ಗೊತ್ತು. ಹದಿನಾಲ್ಕು ವರ್ಷದ ಹುಡುಗಿಯ ಮನೆ ವಿಳಾಸಕ್ಕೂ ಒಂದು ಸೂಕ್ಷ್ಮ ಇರುತ್ತೆ ಅನ್ನೋದು ಅದರ ಪಟ್ಟಿಯಲ್ಲಿಲ್ಲ.

ನಾಲ್ಕು ನಾಲ್ಕು ಮಕ್ಕಳ ಗುಂಪು. ಮೊದಲು ಕಾಗದ, ಹೆಜ್ಜೆ ಎಣಿಕೆ, ದಿಕ್ಸೂಚಿ. ಆಮೇಲೆ ಫೋನು. ಈ ಕ್ರಮ ತಪ್ಪಬಾರದು ಅಂತ ನನ್ನ ಹಟ. ಫೋನಿನ ನೀಲಿ ಚುಕ್ಕೆ ಯಾವಾಗಲೂ ನಮ್ಮನ್ನೇ ನಡುಮಧ್ಯೆ ಕೂರಿಸಿ ಜಗತ್ತನ್ನ ಸುತ್ತ ತಿರುಗಿಸುತ್ತೆ, ಕಾಗದದ ಮೇಲೆ ನಾವೇ ನಮ್ಮ ಜಾಗ ಹುಡುಕ್ಕೋಬೇಕು. ಮೂರು ಶನಿವಾರ ಊರೆಲ್ಲ ಸುತ್ತಿದರು. ಅರಳಿಕಟ್ಟೆ, ಡೇರಿ, ನೀರಿನ ಟ್ಯಾಂಕು, ಕಣ, ಕೋಡಿ, ಮಾರಮ್ಮನ ಗುಡಿ, ಅಂಗನವಾಡಿ. ಯಾರದೋ ಮನೆ ಎಮ್ಮೆ ಕಟ್ಟೋ ಜಾಗವನ್ನೂ ಒಬ್ಬ ಬರೆದಿದ್ದ. ಬಿಡು ಅಂದೆ. "ಅದನ್ನ ಕೇಳ್ಕೊಂಡೇ ಎಲ್ರೂ ಅವ್ರ ಮನೇಗೆ ಹೋಗೋದು ಮಿಸ್" ಅಂದ. ಸರಿ, ಇರಲಿ ಅಂದೆ.

ನಾಲ್ಕನೇ ಗುಂಪು ಊರಾಚೆ ಹೋಗಿ ಬಂತು. ಹಾಳೆ ಮೇಲೆ ಮನೆಗಳು ಒಪ್ಪವಾಗಿದ್ವು, ಎರಡು ನಲ್ಲಿ, ಒಂದು ಸಮುದಾಯ ಭವನ, ಒಂದು ಬೇವಿನ ಮರ. ಮೇಲೆ ಹೆಸರಿನ ಜಾಗದಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು. ಒಬ್ಬ ಬರೆದದ್ದನ್ನ ಇನ್ನೊಬ್ಬಳು ಅಳಿಸಿದ್ದಾಳೆ, ಅವನು ಮತ್ತೆ ಬರೆದಿದ್ದಾನೆ. ಅವನು ಬರೆದದ್ದು ಊರಿನವರೆಲ್ಲ ಕರೆಯೋ ಹೆಸರು, ಜಾತಿಯ ಹೆಸರಿಗೆ 'ಗೇರಿ' ಸೇರಿಸಿದ್ದು. "ಎಲ್ರೂ ಹಂಗೇ ಕರೀತಾರಲ್ಲ ಮಿಸ್" ಅಂದ. ಹುಡುಗನಿಗೆ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಮನೆಯಲ್ಲಿ ಕೇಳಿದ್ದನ್ನ ಬರೆದಿದ್ದ. ಅಳಿಸಿದವಳ ಮನೆ ಅಲ್ಲಿದೆ. ಅವಳು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ, "ಮಿಸ್, ನಮ್ಮನೆ ಹಾಕೋದೇ ಬ್ಯಾಡಿ" ಅಂದಳು.

ಇಬ್ಬರೂ ನಿಯಮದ ಪ್ರಕಾರ ಸರಿಯೇ. ಓಪನ್‌ಸ್ಟ್ರೀಟ್‌ಮ್ಯಾಪಿನವರ ಒಂದು ದೊಡ್ಡ ತತ್ವ ಏನಂದ್ರೆ, ನೆಲದ ಮೇಲೆ ಏನಿದೆಯೋ ಅದನ್ನ ಹಾಕು, ಸ್ಥಳೀಯರು ಕರೆಯೋ ಹೆಸರು ಹಾಕು. ಕಛೇರಿಯಲ್ಲಿ ಕೂತು ಹೆಸರಿಡೋದಕ್ಕಿಂತ ಇದು ಎಷ್ಟೋ ವಾಸಿ. ಆದ್ರೆ 'ಸ್ಥಳೀಯರು' ಅಂದ್ರೆ ಯಾರು? ಆ ಹೆಸರನ್ನ ಕರೆಯೋರು ಒಂದು ಸಾವಿರ ಜನ ಇರಬಹುದು, ಹೊತ್ತುಕೊಂಡವರು ಇನ್ನೂರು ಜನ. ತಲೆ ಎಣಿಸಿದ್ರೆ ಕರೆಯೋರೇ ಗೆಲ್ತಾರೆ. ಹೆಸರು ಅನ್ನೋದು ಕರೆಯೋರ ಬಾಯಲ್ಲಿ ಹುಟ್ಟಿದ್ರೂ ಬದುಕೋದು ಹೊತ್ತವರ ಮೈಮೇಲೆ.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ತಪ್ಪೇನು?" ಅಂತ ಕೇಳೋರಿದ್ದಾರೆ. ನಮ್ಮ ಸ್ಟಾಫ್ ರೂಮಲ್ಲೇ ಒಬ್ಬರು ಕೇಳಿದ್ರು. ಹಿರಿಯರು, ವಿಜ್ಞಾನ ಪಾಠ ಮಾಡ್ತಾರೆ, ಜಾತಿ ಗೀತಿ ನೋಡೋ ಮನುಷ್ಯರಲ್ಲ. ಅವರ ವಾದ ಇಷ್ಟು: "ನೀವು ಭೂಗೋಳ ಪಾಠ ಮಾಡ್ತಿದ್ದೀರೋ, ಸಮಾಜ ಸುಧಾರಣೆ ಮಾಡ್ತಿದ್ದೀರೋ? ಸ್ಕೇಲ್ ಕಲಿಸಿ, ಸಮೋನ್ನತಿ ರೇಖೆ ಕಲಿಸಿ. ಸತ್ಯ ಕಹಿಯಾಗಿದ್ರೂ ನಕ್ಷೆಗೆ ಬರಲಿ. ಮುಚ್ಚಿಟ್ರೆ ಜಾತಿ ಹೋಗುತ್ತಾ?" ಈ ಕೊನೇ ಮಾತಿಗೆ ತೂಕ ಇದೆ. ಮುಚ್ಚಿಟ್ಟರೆ ಹೋಗಲ್ಲ. ಹಳ್ಳಿಯನ್ನ ಸ್ವರ್ಗ ಅಂತ ಕೊಂಡಾಡಬೇಡಿ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಹೇಳಿದ್ದೂ ಇದ್ದದ್ದನ್ನ ಇದ್ದ ಹಾಗೆ ಹೇಳೋಕೇ. ಊರು ಒಂದು ಕಡೆ, ಕೇರಿ ಒಂದು ಕಡೆ ಅನ್ನೋದನ್ನ ನಮ್ಮ ಮಕ್ಕಳ ಹೆಜ್ಜೆ ಎಣಿಕೆಯೂ ತೋರಿಸಿತ್ತು. ಊರ ಕೊನೇ ಮನೆಯಿಂದ ಕೇರಿಯ ಮೊದಲ ಮನೆಗೆ 212 ಹೆಜ್ಜೆ. ಆ ಖಾಲಿ ಜಾಗವನ್ನ ನಕ್ಷೆಯಲ್ಲಿ ಸರಿಯಾದ ಅಳತೆಗೆ ಬರೆಯಲೇಬೇಕು. ಅದನ್ನ ಕಿರಿದು ಮಾಡಿ ಬರೆದ್ರೆ ಅದು ಸುಳ್ಳು.

ಆದ್ರೆ ದೂರ ಅಳೆಯೋದೂ ಹೆಸರು ಅಂಟಿಸೋದೂ ಒಂದೇ ಅಲ್ಲ. 212 ಹೆಜ್ಜೆ ಊರಿನವರ ಬಗ್ಗೆ ಹೇಳುತ್ತೆ, ಊರು ಯಾರನ್ನ ಎಷ್ಟು ದೂರ ಇಟ್ಟಿದೆ ಅಂತ. ಆ ಹೆಸರು ಅಲ್ಲಿರೋರ ಬಗ್ಗೆ ಹೇಳುತ್ತೆ, ಅದೂ ಊರಿನವರ ಮಾತಲ್ಲಿ. ಇನ್ನೊಂದು: ಬಾಯಲ್ಲಿ ಕರೆದ ಹೆಸರು ಗಾಳಿಗೆ ಹೋಗುತ್ತೆ, ಕರೆಯೋ ತಲೆಮಾರು ಮುಗಿದ್ರೆ ತಾನೂ ಸಾಯಬಹುದು. ನಕ್ಷೆಗೆ ಹೋದ ಹೆಸರು ಸಾಯಲ್ಲ. ಪಾರ್ಸೆಲ್ ತರೋ ಹುಡುಗ ಓದ್ತಾನೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ ಕಡೆ ವಿಳಾಸ ಹುಡುಕೋರು ಓದ್ತಾರೆ, ಬಾಡಿಗೆ ಮನೆ ಕೊಡೋ ಯಜಮಾನ್ರು ಓದ್ತಾರೆ. ಆ ಹುಡುಗಿ ಕಂಡಿದ್ದು ಅದನ್ನೇ. ಅವಳ ಅಣ್ಣ ಬೆಂಗಳೂರಿನಲ್ಲಿ ಊರಿನ ವಿಳಾಸ ಹೇಳುವಾಗ ಪಕ್ಕದ ಬೀದಿಯ ಹೆಸರು ಹೇಳ್ತಾನಂತೆ.

ಹಾಗಾದ್ರೆ ಬಿಟ್ಟುಬಿಡೋಣ, ನಕ್ಷೆಯಲ್ಲಿ ಕೇರಿಯೇ ಬೇಡ ಅನ್ನೋಣವಾ? ಅದೂ ಸುಲಭ ಇಲ್ಲ. ನಕ್ಷೆಯಲ್ಲಿ ಇಲ್ಲದೆ ಹೋದ್ರೆ ಏನಾಗುತ್ತೆ ಅಂತ ಕರ್ನಾಟಕದಲ್ಲಿ ಗೊಲ್ಲರಹಟ್ಟಿ, ಲಂಬಾಣಿ ತಾಂಡಾದವರನ್ನ ಕೇಳಿ. ತಲೆಮಾರುಗಟ್ಟಲೆ ವಾಸ ಮಾಡಿದ್ರೂ ಕಂದಾಯ ದಾಖಲೆಯಲ್ಲಿ ಊರೇ ಅಲ್ಲ. ಊರಲ್ಲ ಅಂದ ಮೇಲೆ ಮನೆಗೆ ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲ ಅಂದ ಮೇಲೆ ಸಾಲ ಇಲ್ಲ. ಅಂಥ ವಸತಿಗಳನ್ನ ಕಂದಾಯ ಗ್ರಾಮ ಮಾಡೋ ಕೆಲಸ ಗಟ್ಟಿಯಾಗಿ ನಡೆದದ್ದು ಇತ್ತೀಚೆಗೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ಅದು ರಾಷ್ಟ್ರದ ಸುದ್ದಿಯಾಯ್ತು. ಕಾಣಿಸದೆ ಇರೋದು ಉಳ್ಳವರಿಗೆ ನೆಮ್ಮದಿ, ಇಲ್ಲದವರಿಗೆ ನಷ್ಟ. ರಾತ್ರಿ ಹೆರಿಗೆ ನೋವು ಶುರುವಾದಾಗ ಆಂಬುಲೆನ್ಸಿನ ಡ್ರೈವರಿಗೆ ಬೂದು ಬಣ್ಣದ ಜಾಗದಲ್ಲಿ ಮನೆ ಎಲ್ಲಿ ಅಂತ ಹೇಗೆ ಗೊತ್ತಾಗಬೇಕು?

ಹೆಸರು ಬದಲಾಯಿಸಿದ್ರೆ? ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರಿನಲ್ಲಿ ಜಾತಿ ಹೆಸರಿನ ವಸತಿಗಳ ಹೆಸರನ್ನೆಲ್ಲ ತೆಗೆಯೋ ತೀರ್ಮಾನ ಮಾಡಿತು. ಒಳ್ಳೇದೇ. ಆದ್ರೆ ನಮ್ಮ ಕಡೆಯ 'ಎ.ಕೆ. ಕಾಲೋನಿ' ನೆನಪು ಮಾಡ್ಕೊಳ್ಳಿ. ಎ.ಕೆ. ಅಂದ್ರೆ ಆದಿ ಕರ್ನಾಟಕ. ಹಳೇ ಮೈಸೂರು ಸಂಸ್ಥಾನದಲ್ಲಿ ಬೈಗುಳದಂಥ ಹೆಸರುಗಳ ಬದಲಿಗೆ ಗೌರವದ ಹೆಸರಾಗಿ ಬಂದದ್ದು, ಈ ನಾಡಿನ ಮೊದಲಿಗರು ಅನ್ನೋ ಅರ್ಥದಲ್ಲಿ. ಎರಡಕ್ಷರಕ್ಕೆ ಇಳಿದು, ಕಾಲೋನಿ ಜೊತೆ ಸೇರಿ, ಈಗ ಬಸ್ಸಿನಲ್ಲಿ ಅದನ್ನ ಹೇಳೋ ದನಿಯೇ ಬೇರೆ. ಅಂಬೇಡ್ಕರ್ ನಗರ ಅಂದ್ರೂ ಕೇಳಿದವರಿಗೆ ಗೊತ್ತಾಗೋದು ಅದೇ. ಹೆಸರನ್ನ ತೊಳೆದು ಒಣಗಿ ಹಾಕಬಹುದು, ಬಾಯಿ ಹಾಗೇ ಇದ್ರೆ ಅದು ಮತ್ತೆ ಕೊಳೆಯಾಗುತ್ತೆ. ಹಾಗಂತ ತೊಳೆಯೋದೇ ಬೇಡ ಅನ್ನೋರ ಕಡೆಗೂ ನಾನಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಗುಂಪಿನದು ಬೇರೆ ಕಥೆ. ನಮ್ಮ ರಾಜ್ಯದ್ದೇ 'ದಿಶಾಂಕ್' ಆಪ್ ಇದೆಯಲ್ಲ, ನಿಂತ ಜಾಗದ ಸರ್ವೆ ನಂಬರ್ ತೋರಿಸೋದು, ಅದನ್ನ ಒಬ್ಬ ಹುಡುಗ ಅಪ್ಪನ ಫೋನಲ್ಲಿ ತೆರೆದು ಕೆರೆ ಹಿಂದೆ ನಿಂತಿದ್ದಾನೆ. ಕಣ್ಣ ಮುಂದೆ ತೆಂಗಿನ ಸಸಿ, ಫೋನಿನಲ್ಲಿ ಸರ್ಕಾರಿ ಜಾಗ. "ಮಿಸ್, ಇದು ಗೋಮಾಳ ಅಂತ ಬರೀಲಾ, ತೋಟ ಅಂತ ಬರೀಲಾ?" ಎರಡೂ ನಿಜ. ಒಂದು ಕಾಗದದ ನಿಜ, ಒಂದು ನೆಲದ ನಿಜ. ಸಸಿ ನೆಟ್ಟವರು ಯಾರು ಅಂತ ಇಡೀ ಊರಿಗೆ ಗೊತ್ತು, ಆ ಹುಡುಗನ ಅಪ್ಪ ಕೂಲಿಗೆ ಹೋಗೋದು ಅವರ ಮನೆಗೇ. ಸತ್ಯ ಹೇಳೋದನ್ನ ಕಲಿಸೋದು ನನ್ನ ಕೆಲಸ. ಆದ್ರೆ ಅದರ ಖರ್ಚು ಯಾರ ಮನೆಯಿಂದ ಹೋಗುತ್ತೆ ಅಂತ ನೋಡದೆ ಸತ್ಯ ಹೇಳು ಅನ್ನೋದು ನನಗೆ ಧೈರ್ಯ ಅಂತ ಅನ್ನಿಸಲ್ಲ. ಮಕ್ಕಳನ್ನ ಮುಂದೆ ಬಿಟ್ಟು ದೊಡ್ಡವರು ಹಿಂದೆ ನಿಲ್ಲೋದು ಅದು. ದಿಶಾಂಕ್ ಎಲ್ಲರ ಫೋನಿಗೂ ಸಿಗುತ್ತೆ, ಓಟು ಹಾಕೋ ವಯಸ್ಸಿನವರು ಅದನ್ನ ಹಿಡಿದು ತಹಶೀಲ್ದಾರರ ಹತ್ತಿರ ಹೋಗಬಹುದು. ಹುಡುಗನ ಹಾಳೆಯಲ್ಲಿ ಬರೀ ಸರ್ವೆ ನಂಬರ್ ಬರೆಸಿದೆ. ಗೊತ್ತಿದ್ದೋರಿಗೆ ಅಷ್ಟು ಸಾಕು.

ಗೆರೆಗೆ ಎರಡು ಬದಿ ಇರುತ್ತೆ ಅನ್ನೋದಕ್ಕೆ ಹೇಮಾವತಿ ನಾಲೆಗಿಂತ ಬೇರೆ ಪಾಠ ನಮ್ಮ ಜಿಲ್ಲೆಗೆ ಬೇಕಿಲ್ಲ. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಅಂದ್ರೆ ಕುಣಿಗಲ್ ಕಡೆಯವರಿಗೆ ಕೊನೆಗೂ ಬರೋ ನೀರು, ಗುಬ್ಬಿ ಕಡೆಯವರಿಗೆ ಕೈತಪ್ಪೋ ನೀರು. ಗುಬ್ಬಿಯಲ್ಲಿ ಸೋದರಮಾವ, ಕುಣಿಗಲ್‌ನಲ್ಲಿ ಅಪ್ಪ ಇರೋ ಮಕ್ಕಳು ನನ್ನ ಕ್ಲಾಸಲ್ಲೇ ಇದ್ದಾರೆ. ಅವರ ಮುಂದೆ ಆ ಗೆರೆ ಎಳೆಯುವಾಗ "ಇದು ಬರೀ ಗೆರೆ" ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಕೇರಿಯ ವಿಷಯಕ್ಕೆ ವಾಪಸ್ ಬರ್ತೀನಿ. ಕ್ಲಾಸಲ್ಲಿ ಓಟು ಹಾಕಿಸೋಣ ಅಂತ ಒಬ್ಬ ಹೇಳಿದ. ಬೇಡ ಅಂದೆ. 41 ಮಕ್ಕಳಲ್ಲಿ ಆ ಕಡೆಯಿಂದ ಬರೋರು ಆರು ಜನ, ಓಟಿನ ಫಲಿತಾಂಶ ಹಾಕೋ ಮುಂಚೆಯೇ ಗೊತ್ತು. ಅಲ್ಲಿರೋರನ್ನೇ ಕೇಳೋಣ ಅಂತ ತೀರ್ಮಾನ ಆಯ್ತು. ಬರೆದ ಹುಡುಗ, ಅಳಿಸಿದ ಹುಡುಗಿ, ಇನ್ನಿಬ್ಬರು, ಜೊತೆಗೆ ನಾನು. ಬೇವಿನ ಮರದ ಕೆಳಗೆ ಕೂತ್ವಿ. ಟೀ ಬಂತು. ಬರೆದ ಹುಡುಗ ಒಂದು ಗಳಿಗೆ ಲೋಟ ನೋಡಿದ, ಅವಳ ಮುಖ ನೋಡಿದ, ಕುಡಿದ. ಅದಕ್ಕೆ ನಾನು ಏನೂ ಹೇಳಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ.

ಒಂದೇ ಉತ್ತರ ಸಿಗುತ್ತೆ ಅಂತ ಅಂದ್ಕೊಂಡು ಹೋದ ಮಕ್ಕಳಿಗೆ ನಾಲ್ಕು ಸಿಕ್ತು. ಡಿಗ್ರಿ ಓದೋ ಹುಡುಗರು, ಅಂಬೇಡ್ಕರ್ ನಗರ ಅಂತ ದೊಡ್ಡಕ್ಷರದಲ್ಲಿ ಹಾಕಿ, ಹೆದ್ದಾರಿಯಿಂದಲೇ ಕಾಣಬೇಕು, ನಾವ್ಯಾಕೆ ಅಡಗಬೇಕು ಅಂದ್ರು. ಒಬ್ಬ ಅಜ್ಜ, "ಹೆಸ್ರು ಗಿಸ್ರು ಮುಟ್ಬ್ಯಾಡಿ ಕಣವ್ವ, ಪೆನ್ಷನ್ ಕಾಗ್ದದಾಗೆ ಹಳೇದೇ ಐತೆ, ಆಮೇಲೆ ಅದು ನಿಂತೋದ್ರೆ?" ಅಂತ ಭಯಪಟ್ಟರು. ಈ ನಕ್ಷೆಗೂ ಪೆನ್ಷನ್ನಿಗೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದ್ರೂ ಪೂರ್ತಿ ನಂಬಲಿಲ್ಲ. ಕಾಗದ ಬದಲಾದಾಗಲೆಲ್ಲ ಏನಾದ್ರೂ ಕಳ್ಕೊಂಡವರ ಭಯ ಅದು, ಹಗುರ ಮಾಡೋಕಾಗಲ್ಲ. ಒಬ್ಬ ಅಮ್ಮ, ನಾವು ನಾವು ಬೇವಿನಮರದ ಬೀದಿ ಅಂತೀವಿ, ಅದನ್ನೇ ಹಾಕಿ, ಅದು ಯಾರ ಜಾತಿನೂ ಕೇಳಲ್ಲ ಅಂದ್ರು. ಡಿಗ್ರಿ ಹುಡುಗರಿಗೆ ಅದು ಹಿಡಿಸಲಿಲ್ಲ. ಮರದ ಹಿಂದೆ ಬಚ್ಚಿಟ್ಕೊಳ್ಳೋದಾ ಅಂತ ವಾದ ಶುರುವಾಯ್ತು. ನಮ್ಮ ಹುಡುಗಿ ಕೊನೆಗೆ, "ಮನೆ ಹಾಕ್ಲಿ, ದಾರಿ ಹಾಕ್ಲಿ, ಆಂಬುಲೆನ್ಸ್ ಬರ್ಲಿ. ಹೆಸ್ರು ಆಮೇಲೆ ನೋಡಣ" ಅಂದಳು.

ಹಾಗೇ ಮಾಡಿದ್ವಿ. ಇವತ್ತು ಯಾರಾದ್ರೂ ಆ ನಕ್ಷೆ ತೆರೆದ್ರೆ ಮನೆಗಳಿವೆ, ದಾರಿಯಿದೆ, ನಲ್ಲಿಯಿದೆ, ಸಮುದಾಯ ಭವನ ಇದೆ. ಹೆಸರಿನ ಜಾಗ ಖಾಲಿ. ಇದು ಸರಿಯಾದ ಉತ್ತರವಾ ಅಂತ ಆ ಹಿರಿಯ ಸಹೋದ್ಯೋಗಿ ಮತ್ತೆ ಕೇಳಿದ್ರು. ಖಾಲಿ ಬಿಟ್ಟರೆ ಬೇರೆ ಯಾರೋ ಬಂದು ಹಳೇ ಹೆಸರನ್ನೇ ತುಂಬಿಬಿಟ್ರೆ? ತುಂಬಬಹುದು, ಯಾರು ಬೇಕಾದ್ರೂ ತಿದ್ದೋ ನಕ್ಷೆ ಅದು. ಅದಕ್ಕೆ ನಮ್ಮ ಮಕ್ಕಳು ಎರಡು ತಿಂಗಳಿಗೊಮ್ಮೆ ತೆರೆದು ನೋಡ್ತಾರೆ. ಇಲ್ಲದ ಹೆಸರಿಗೆ ಕಾವಲು ಕಾಯೋ ಇಂಥ ಕೆಲಸಕ್ಕೆ ಪಠ್ಯಪುಸ್ತಕದಲ್ಲಿ ಅಧ್ಯಾಯ ಇಲ್ಲ. ಅಂಕವಂತೂ ಇಲ್ಲವೇ ಇಲ್ಲ.

ಆ ಸಾರ್ ಹೇಳಿದ ಸ್ಕೇಲು, ಸಮೋನ್ನತಿ ರೇಖೆ ಎರಡನ್ನೂ ಕಲಿಸಿದ್ದೀನಿ. ಮೊದಲಿಗಿಂತ ಚೆನ್ನಾಗಿಯೇ ಕಲಿತರು. 212 ಹೆಜ್ಜೆಯನ್ನ ಮೀಟರಿಗೆ, ಮೀಟರನ್ನ ಸೆಂಟಿಮೀಟರಿಗೆ ಇಳಿಸಿದವರಿಗೆ ಸ್ಕೇಲ್ ಮರೆಯಲ್ಲ. ಎಸ್ಸೆಸ್ಸೆಲ್ಸಿಯ ಐದು ಅಂಕಕ್ಕೂ ಮೋಸ ಆಗಲಿಲ್ಲ, ಜನವರಿಯಲ್ಲಿ ನರೋರಾ, ಕಾಂಡ್ಲಾ ಎಲ್ಲ ಎಂದಿನಂತೆ ನಡೀತು.

ಆ ಹುಡುಗಿ ಈಗ ಕುಣಿಗಲ್‌ನಲ್ಲಿ ಪಿಯುಸಿ. ಬರೆದ ಹುಡುಗ ಐಟಿಐಗೆ ಸೇರಿದ್ದಾನೆ. ಈ ಜೂನಿನಲ್ಲಿ ಹೊಸ ಒಂಬತ್ತನೇ ತರಗತಿಗೆ ಅದೇ ನಕ್ಷೆ ತೋರಿಸಿದಾಗ ಮೊದಲ ಪ್ರಶ್ನೆಯೇ, "ಇಲ್ಲಿ ಹೆಸ್ರು ಯಾಕಿಲ್ಲ ಮಿಸ್?" ನಡೆದದ್ದನ್ನ ಹೇಳಿದೆ. ಈ ಸಲ ಆ ಕಡೆಯಿಂದ ಬರೋ ಮಕ್ಕಳು ಮೂವರಿದ್ದಾರೆ. ಇಬ್ಬರಿಗೆ ಅಂಬೇಡ್ಕರ್ ನಗರ ಬೇಕು, ಒಬ್ಬಳಿಗೆ ಹೀಗೇ ಇರಲಿ. ಬರೋ ಶನಿವಾರ ಬೆಳಗಿನ ಸ್ಕೂಲು ಮುಗಿಸ್ಕೊಂಡು ಮತ್ತೊಂದು ಸಲ ಕೇಳ್ಕೊಂಡು ಬರ್ತೀವಿ ಅಂದಿದ್ದಾರೆ. ಅಜ್ಜನನ್ನೂ ಕೇಳಿ ಅಂತ ಹೇಳಿದ್ದೀನಿ, ಅವರಿಗೆ ಪೆನ್ಷನ್ ಈಗಲೂ ಬರ್ತಿದೆಯಂತೆ.